ನನ್ನ ದನಿ ಸ್ವಲ್ಪ ಜಾಸ್ತಿ ಮಾಡು

ಕಂಪ್ಯೂಟರ್ ಬಲ್ಲವರ ವಿಷಯದಲ್ಲಿ ನಮ್ಮ ಬಂಧುಬಳಗಕ್ಕೆ ಒಂದು ಅಚಲ ನಂಬಿಕೆ ಇದೆ. ಅವರಿಗೆ ಯಾವ ಕೆಲಸ ಒಪ್ಪಿಸಿದರೂ ಅದು ಐದೇ ನಿಮಿಷದ್ದು. ಕೆಟ್ಟ ಪ್ರಿಂಟರು ಐದು ನಿಮಿಷ, ವರನ ಬಯೋಡೇಟಾ ಐದು ನಿಮಿಷ, ತತ್ಕಾಲ್ ಟಿಕೆಟ್ಟು ಐದು ನಿಮಿಷ (ಇದರಲ್ಲಿ ಮಾತ್ರ ಸತ್ಯಾಂಶವಿದೆ, ಐದು ನಿಮಿಷ ದಾಟಿದರೆ ಟಿಕೆಟ್ಟೇ ಇರುವುದಿಲ್ಲ). ಈಚೆಗೆ ಈ ಪಟ್ಟಿಗೆ ಹಾಡು ಅಂಟಿಸುವ ಕೆಲಸವೂ ಸೇರಿಕೊಂಡಿದೆ. "ಎಲ್ಲಾರೂ ಅವರವರ ಮನೇಲೇ ಹಾಡಿ ಕಳಿಸ್ತಾರೆ ಪುಟ್ಟಿ. ನೀನು ಸೇರಿಸಿ ಒಂದು ಮಾಡ್ಬಿಡು, ಅಷ್ಟೇ" ಎಂದು ದೊಡ್ಡಪ್ಪ ಫೋನಿಟ್ಟರು.

ಅಜ್ಜಿಯ ಸಹಸ್ರ ಚಂದ್ರ ದರ್ಶನಕ್ಕೆ ದಿನ ಗೊತ್ತಾಗಿತ್ತು. ಸಾವಿರ ಹುಣ್ಣಿಮೆ ಕಂಡ ಜೀವಕ್ಕೆ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳೆಲ್ಲ ಕೂಡಿ ಒಂದು ದೇವರನಾಮ ಹಾಡಿ ಕೇಳಿಸಬೇಕೆಂದು ವಾಟ್ಸಾಪ್ ಗುಂಪಿನಲ್ಲಿ ಠರಾವು ಪಾಸಾಯಿತು. ಕೂಡಿ ಹಾಡಬೇಕಾದವರು ಇದ್ದದ್ದು ಮೈಸೂರು, ಶಿವಮೊಗ್ಗ, ಹುಬ್ಬಳ್ಳಿ ಮತ್ತು ನ್ಯೂಜೆರ್ಸಿಯಲ್ಲಿ. ಜೂಮ್‌ನಲ್ಲಿ ಒಟ್ಟಿಗೇ ಹಾಡಿಬಿಡೋಣ ಎಂದು ಚಿಕ್ಕಪ್ಪ ಹುರುಪಿನಿಂದ ಒಂದು ಭಾನುವಾರ ಎಲ್ಲರನ್ನೂ ಕೂರಿಸಿದರು. ಇಂಟರ್ನೆಟ್ಟಿನಲ್ಲಿ ದನಿ ಹೋಗಿ ಮುಟ್ಟುವುದಕ್ಕೆ ಸೆಕೆಂಡಿನ ಯಾವುದೋ ಒಂದು ಪಾಲು ಹಿಡಿಯುತ್ತದೆ. ಮಾತಿಗೆ ಅದು ಗೊತ್ತಾಗುವುದಿಲ್ಲ, ತಾಳಕ್ಕೆ ಗೊತ್ತಾಗುತ್ತದೆ. ಶಿವಮೊಗ್ಗದವರು ಮೈಸೂರಿನವರಿಗೆ ಕಾದರು, ಮೈಸೂರಿನವರು ಶಿವಮೊಗ್ಗದವರಿಗೆ ಕಾದರು, ನ್ಯೂಜೆರ್ಸಿಯವರು ಎಲ್ಲರಿಗೂ ಕಾದರು. ಆದಿತಾಳದಲ್ಲಿ ಹೊರಟ ಪಲ್ಲವಿ ಎರಡನೇ ಆವರ್ತಕ್ಕೆ ಆಲಾಪನೆಯಾಗಿ, ಮೂರನೆಯದಕ್ಕೆ "ಹಲೋ, ಕೇಳಿಸ್ತಿದ್ಯಾ?" ಆಯಿತು. ಆಮೇಲೆಯೇ ದೊಡ್ಡಪ್ಪನ ಫೋನು ಬಂದದ್ದು.

ಹಾಡುಗಳು ಬರತೊಡಗಿದವು. ಚಿಕ್ಕಮ್ಮ ವಾಟ್ಸಾಪಿನ ಮೈಕ್ ಗುರುತನ್ನು ಒತ್ತಿಹಿಡಿದೇ ಇಡೀ ದೇವರನಾಮ ಹಾಡಿದ್ದರು. ಚರಣದ ನಡುವೆ ಬೆರಳು ಜಾರಿ ಅದು ಎರಡು ತುಂಡಾಗಿ ಬಂತು. ಅವು ಓಪಸ್ ಎಂಬ ಜಾತಿಯ ಫೈಲುಗಳು. ಐಫೋನಿನ ಅತ್ತಿಗೆಯದು ಎಂಫೋರ್‌ಎ. ಭಾವನವರು ಕಳಿಸಿದ್ದು ವಿಡಿಯೊ, ಅದರಲ್ಲಿ ಅವರ ಮೂಗಿನ ಹೊಳ್ಳೆ ಬಿಟ್ಟರೆ ಉಳಿದದ್ದೆಲ್ಲ ಸೀಲಿಂಗ್ ಫ್ಯಾನು. ದೊಡ್ಡಪ್ಪನವರು ಮಾತ್ರ ಮೊಮ್ಮಗನ ಕೈಯಲ್ಲಿ ವೇವ್ ಫೈಲು ಮಾಡಿಸಿ, ಪೆನ್‌ಡ್ರೈವಿಗೆ ತುಂಬಿಸಿ, ಕೊರಿಯರ್‌ನಲ್ಲಿ ಕಳಿಸಿದರು. "ವಾಟ್ಸಾಪಲ್ಲಿ ಕಳಿಸಿದ್ರೆ ದನಿ ಸವೆಯುತ್ತೆ" ಅಂತ. ನಗಬೇಡಿ, ಅವರು ಹೇಳಿದ್ದು ನಿಜ. ಸಿಡಿ ಗುಣಮಟ್ಟದ ವೇವ್ ಫೈಲು ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. ವಾಟ್ಸಾಪಿನ ಮೈಕಿನಲ್ಲಿ ಹಾಡಿದರೆ ಅದು ಇದರಲ್ಲಿ ಸಣ್ಣದೊಂದು ಪಾಲು ಉಳಿಸಿಕೊಂಡು ಮಿಕ್ಕದ್ದನ್ನು ಕಿವಿಗೆ ಬೇಕಾಗಿಲ್ಲವೆಂದು ಎಸೆಯುತ್ತದೆ. ದೊಡ್ಡಪ್ಪನ ದನಿಯಲ್ಲಿ ಬೇಡದ್ದು ಯಾವುದು ಎಂದು ತೀರ್ಮಾನಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ, ಒಂದು ತಂತ್ರಾಂಶಕ್ಕೆ ಇದೆ.

ಇವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಲು ನಾನು ನಂಬಿದ್ದು ಅಡಾಸಿಟಿ ಎಂಬ ತಂತ್ರಾಂಶವನ್ನು. ಕಾಸು ಕೇಳುವುದಿಲ್ಲ, ಅದೇ ದೊಡ್ಡ ಗುಣ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಎಂಬ ವಿದ್ಯಾರ್ಥಿಯೂ ರೋಜರ್ ಡ್ಯಾನೆನ್‌ಬರ್ಗ್ ಎಂಬ ಮೇಷ್ಟರೂ ಕೂಡಿ ಶುರುಮಾಡಿದ್ದು. 2000ದಲ್ಲಿ ಲೋಕಕ್ಕೆ ಬಿಟ್ಟರು. ಅಂದಿನಿಂದ ಲೋಕದ ಚಿಕ್ಕಮ್ಮಂದಿರ ಹಾಡುಗಳೆಲ್ಲ ಅದರ ತಲೆಯ ಮೇಲೆ. ಒಂದೊಂದು ಫೈಲೂ ಅದರಲ್ಲಿ ಒಂದೊಂದು ಟ್ರ್ಯಾಕ್ ಆಗಿ, ನೀಲಿ ಅಲೆಯ ಪಟ್ಟಿಯಾಗಿ, ಒಂದರ ಕೆಳಗೊಂದು ಮಲಗುತ್ತದೆ. ಆದರೆ ಅತ್ತಿಗೆಯ ಎಂಫೋರ್‌ಎ ನನ್ನ ವಿಂಡೋಸ್ ಯಂತ್ರದಲ್ಲಿ ಹಾಗೇ ತೆರೆದುಕೊಳ್ಳಲಿಲ್ಲ. ಅದಕ್ಕೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದನ್ನು ತಂದು ಜೊತೆಗೆ ಹಾಕಬೇಕು. ಅತ್ತಿಗೆ ಮದುವೆಯಾಗಿ ಬಂದಾಗಲೂ ಜೊತೆಗೆ ಒಂದಷ್ಟು ಸಾಮಾನು ಬಂದಿತ್ತು, ಆದರೆ ಅದು ಬೇರೆ ಕಥೆ.

ಒಂದು ಮಾಡುವುದರಲ್ಲಿ ಎರಡು ಬಗೆ. ಒಂದರ ಹಿಂದೆ ಒಂದನ್ನು ನಿಲ್ಲಿಸುವುದು, ಒಂದರ ಮೇಲೆ ಒಂದನ್ನು ಕೂರಿಸುವುದು. ಹಿಂದೆ ನಿಲ್ಲಿಸುವುದು ಸುಲಭ. ಚಿಕ್ಕಮ್ಮನ ಎರಡು ತುಂಡನ್ನು ಎಳೆದು ತುದಿಗೆ ತುದಿ ಸೇರಿಸಿ, ನಡುವೆ "ಅಯ್ಯೋ ಹೋಯ್ತಲ್ಲೇ" ಎಂದಿದ್ದನ್ನು ಕತ್ತರಿಸಿದೆ. ಇದು ನಿಜಕ್ಕೂ ಐದು ನಿಮಿಷದ ಕೆಲಸ. ಒಂದರ ಮೇಲೆ ಒಂದನ್ನು ಕೂರಿಸುವುದರಲ್ಲಿಯೇ ಇರುವುದು ಸಂಸಾರ.

ಮೊದಲನೆಯ ತಕರಾರು ಶ್ರುತಿಯದು. ಹಾರ್ಮೋನಿಯಂ ಲೆಕ್ಕದಲ್ಲಿ ದೊಡ್ಡಪ್ಪನದು ಒಂದು ಮನೆ. ಚಿಕ್ಕಮ್ಮನದು ಐದೂವರೆ ಮನೆ. ಭಾವನವರಿಗೆ ಸ್ವಂತ ಮನೆಯೇ ಇಲ್ಲ, ಪಲ್ಲವಿಗೊಂದು ಚರಣಕ್ಕೊಂದು ಬಾಡಿಗೆ ಮನೆ. ತಂತ್ರಾಂಶದಲ್ಲಿ ಶ್ರುತಿ ಏರಿಸಿ ಇಳಿಸುವ ಉಪಾಯ ಇದೆಯಲ್ಲ ಎನ್ನುತ್ತೀರಿ. ಇದೆ. ಅರ್ಧ ಮನೆ, ಒಂದು ಮನೆ ಸರಿಸಿದರೆ ಹೇಗೋ ನಡೆಯುತ್ತದೆ. ದೊಡ್ಡಪ್ಪನನ್ನು ಐದೂವರೆಗೆ ಹತ್ತಿಸಿ ನೋಡಿದೆ. ನಿವೃತ್ತ ಸೂಪರಿಂಟೆಂಡಿಂಗ್ ಎಂಜಿನಿಯರು ಕಾರ್ಟೂನಿನ ಇಲಿಮರಿಯಾಗಿ ಭಗವಂತನನ್ನು ಕರೆಯುತ್ತಿದ್ದರು. ಅದನ್ನು ಯಾರಿಗೂ ಕಳಿಸಿಲ್ಲ. ಅಳಿಸಿಯೂ ಇಲ್ಲ.

ಆದ್ದರಿಂದ ಎರಡನೆಯ ಸುತ್ತು. ತಂಬೂರಿ ಆ್ಯಪಿನಲ್ಲಿ ಎಲ್ಲರಿಗೂ ಹೊಂದುವ ಒಂದು ಶ್ರುತಿ ಹಿಡಿದು, ಅದರ ಮೇಲೆ ತಾಳ ಹಾಕಿ ಒಂದು ಫೈಲು ಮಾಡಿ ಎಲ್ಲರಿಗೂ ಕಳಿಸಿದೆ. ಒಂದು ಫೋನಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಇದನ್ನು ಕೇಳಿ, ಇನ್ನೊಂದು ಫೋನಿನಲ್ಲಿ ನಿಮ್ಮ ಹಾಡು ಮುದ್ರಿಸಿ, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿ ಎಂದು ಬರೆದೆ. ಸಿನಿಮಾದವರು ಕ್ಲ್ಯಾಪ್ ಬೋರ್ಡ್ ಬಡಿಯುವುದೂ ಇದೇ ಕಾರಣಕ್ಕೆ. ಆ ಟಪ್ ಸದ್ದು ಅಲೆಯಲ್ಲಿ ಸೂಜಿಯ ಹಾಗೆ ಎದ್ದು ನಿಲ್ಲುತ್ತದೆ, ಎಲ್ಲರ ಸೂಜಿಯನ್ನೂ ಒಂದೇ ಗೆರೆಗೆ ತಂದರೆ ಎಲ್ಲರ ಹಾಡೂ ಒಂದೇ ಗೆರೆಗೆ ಬಂತು.

ದೊಡ್ಡಪ್ಪ ಚಪ್ಪಾಳೆಯನ್ನು ಹಾಡು ಮುಗಿದ ಮೇಲೆ ತಟ್ಟಿದರು, ತಮಗೆ ತಾವೇ. ಚಿಕ್ಕಮ್ಮ ದೇವರ ಮನೆಯ ಗಂಟೆ ಬಾರಿಸಿದರು. ಭಾವನವರು ಬ್ಲೂಟೂತ್ ಇಯರ್‌ಫೋನು ಹಾಕಿಕೊಂಡು ಹಾಡಿದರು. ಬ್ಲೂಟೂತಿನಲ್ಲಿ ಸದ್ದು ಕಿವಿ ಮುಟ್ಟುವಾಗಲೇ ಒಂದಿಷ್ಟು ತಡವಾಗಿರುತ್ತದೆ, ಸೆಕೆಂಡಿನ ಐದನೇ ಒಂದು ಭಾಗವಾದರೂ ಆಶ್ಚರ್ಯವಿಲ್ಲ. ಹೀಗಾಗಿ ಭಾವನವರು ಪ್ರತಿ ಸಾಲಿಗೂ ತಡವಾಗಿ ಬಂದರು. ಮದುವೆ ಮನೆಗೂ ಅವರು ಹಾಗೇ ಬರುವುದು, ಆದರೆ ಈ ಸಲ ತಪ್ಪು ಯಂತ್ರದ್ದು. ಅವರ ಇಡೀ ಪಟ್ಟಿಯನ್ನು ಹಿಡಿದು ಎಡಕ್ಕೆ ಎಳೆದೆ, ಸರಿಹೋಯಿತು. ಮನುಷ್ಯನ ಕಿವಿ ಈ ವಿಷಯದಲ್ಲಿ ತುಂಬ ಉದಾರಿ. ಸುಮಾರು 30, 40 ಮಿಲಿಸೆಕೆಂಡಿನ ಒಳಗೆ ಬಂದ ದನಿಗಳನ್ನು ಒಂದೇ ಎಂದು ಒಪ್ಪಿಕೊಂಡುಬಿಡುತ್ತದೆ. ಅದಕ್ಕಿಂತ ಹೆಚ್ಚಾದರೆ ಮಾತ್ರ ಇಬ್ಬರಿದ್ದಾರೆ ಎಂದು ಗೊಣಗುತ್ತದೆ.

ಇಯರ್‌ಫೋನನ್ನೇ ಹಾಕಿಕೊಳ್ಳದೆ, ನಾನು ಕಳಿಸಿದ ತಂಬೂರಿಯನ್ನು ಗಟ್ಟಿಯಾಗಿ ಹಚ್ಚಿ ಹಾಡಿದವರೂ ಇದ್ದರು. ಅವರ ದನಿಯ ಜೊತೆ ನನ್ನ ತಂಬೂರಿಯೂ ತಾಳವೂ ನನ್ನ ಮನೆಗೇ ವಾಪಸ್ಸು ಬಂದವು. ಎಲ್ಲವನ್ನೂ ಸೇರಿಸಿ ಬಾರಿಸಿದರೆ ಅಜ್ಜಿಯ ಮುಂದೆ ತಂಬೂರಿಗಳ ಸಮ್ಮೇಳನ. ಅದರ ಜೊತೆಗೆ ಒಬ್ಬೊಬ್ಬರ ಮನೆಯ ಫ್ಯಾನು, ಕುಕ್ಕರಿನ ಸೀಟಿ, ಹುಬ್ಬಳ್ಳಿಯ ಕಡೆಯಿಂದ ಒಂದು ಕಾಗೆ. ಒಂದು ಫ್ಯಾನು ಕೇಳಿಸುವುದೇ ಇಲ್ಲ. ಅಷ್ಟೇ ಜೋರಿನ ಹತ್ತು ಫ್ಯಾನು ಕೂಡಿದರೆ ಸದ್ದು 10 ಡೆಸಿಬಲ್ ಏರುತ್ತದೆ. ಫ್ಯಾನಿಗೆ ಮದ್ದಿದೆ. ಯಾರೂ ಹಾಡದ ಒಂದೆರಡು ಸೆಕೆಂಡನ್ನು ಆಯ್ದು ತೋರಿಸಿ, ಇಗೋ ಇದೇ ಕಳ್ಳ ಎಂದರೆ ಅಡಾಸಿಟಿ ಅಂಥದ್ದನ್ನು ಹಾಡಿನುದ್ದಕ್ಕೂ ಹುಡುಕಿ ತಗ್ಗಿಸುತ್ತದೆ. ಕಾಗೆಗೆ ಮದ್ದಿಲ್ಲ. ಅದು ಒಂದೇ ಥರ ಕೂಗುವುದಿಲ್ಲವಲ್ಲ. ಶ್ರುತಿಯಲ್ಲಿ ಅದು ಭಾವನವರಿಗಿಂತ ವಾಸಿ ಇತ್ತು, ಉಳಿಸಿಕೊಂಡೆ.

ತಡವಾಗುತ್ತಿರುವುದನ್ನು ಕಂಡು ದೊಡ್ಡಪ್ಪ ಮತ್ತೆ ಫೋನು ಮಾಡಿದರು. "ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಪುಟ್ಟಿ? ಒಂದೇ ಹಾಲು, ಎಲ್ಲಾರೂ ಒಟ್ಟಿಗೆ, ಒಂದೇ ಟೇಕು. 1981ರಲ್ಲಿ ಎಸ್ಪಿಬಿ ಬೆಂಗಳೂರಲ್ಲಿ ಉಪೇಂದ್ರಕುಮಾರ್ ಸಂಗೀತಕ್ಕೆ ಒಂದೇ ದಿನ 21 ಹಾಡು ಹಾಡಿ ಎದ್ದುಹೋದ್ರು. ನಿನಗೆ ಒಂದು ದೇವರನಾಮಕ್ಕೆ ಪಕ್ಷ ಬೇಕಾ?" ಆ 21 ಹಾಡಿನಲ್ಲಿ ಭಾವನವರು ಇರಲಿಲ್ಲ ದೊಡ್ಡಪ್ಪ ಎನ್ನಬೇಕೆನಿಸಿತು, ಭಾವನವರು ಅವರ ಅಳಿಯ, ಎನ್ನಲಿಲ್ಲ.

ಅವರ ಕಾಲ ಬಿಡಿ, ಅದಕ್ಕೂ ಹಿಂದೆ 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನ್ ಕಂಪನಿಗೆ ಹಾಡಿದಾಗ ಮೈಕೇ ಇರಲಿಲ್ಲ. ಕಹಳೆಯ ಆಕಾರದ ದೊಡ್ಡ ಕೊಳವೆಯೊಂದರ ಬಾಯಿಗೆ ಮುಖವೊಡ್ಡಿ ಹಾಡಬೇಕು. ಆ ಸದ್ದಿನ ನೂಕಿಗೇ ಸೂಜಿ ಅದುರಿ ಮೇಣದ ಮೇಲೆ ಗೀರು ಬೀಳಬೇಕು. (ಈ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು ಎಂದರೆ ಅದೇ ಊರಿನ ನಮ್ಮ ಸರಸ್ವತಿಪುರಂ ಬಡಾವಣೆಯವರು ಈಗಲೂ ನಂಬುವುದಿಲ್ಲ.) ಆಗ ದನಿ ಹೆಚ್ಚು ಕಡಿಮೆ ಮಾಡುವ ತಿರುಪು ಇಲ್ಲ. ಜೋರಾಗಿ ನುಡಿಯುವ ವಾದ್ಯದವರನ್ನು ಹಿಂದಕ್ಕೆ ಕೂರಿಸುವುದು, ಮೆಲುದನಿಯವರನ್ನು ಕೊಳವೆಯ ಬಳಿಗೆ ತಳ್ಳುವುದು, ಮಿಕ್ಸಿಂಗ್ ಅಂದರೆ ಇಷ್ಟೇ. ನನಗೆ ಈ ಪದ್ಧತಿ ಬಹಳ ಹಿಡಿಸಿತು. ಅದರ ಪ್ರಕಾರ ದೊಡ್ಡಪ್ಪನ ಕುರ್ಚಿ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೀಳುತ್ತಿತ್ತು.

ಬೇರೆ ಬೇರೆ ಹಾಡಿದ್ದನ್ನು ಒಂದರ ಮೇಲೊಂದು ಪೇರಿಸುವ ಹುಚ್ಚು ಜನಪ್ರಿಯವಾದದ್ದು ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್‌ನಿಂದ. ಹೆಂಡತಿ ಮೇರಿ ಫೋರ್ಡ್ ಒಬ್ಬಳ ದನಿಯನ್ನೇ ಮತ್ತೆ ಮತ್ತೆ ಪೇರಿಸಿ ಮೇಳ ಮಾಡಿದ. 1951ರಲ್ಲಿ ಅವರ ಅಂಥದ್ದೊಂದು ತಟ್ಟೆ ಅಮೆರಿಕದಲ್ಲೆಲ್ಲ ಹುಚ್ಚೆಬ್ಬಿಸಿತು. ಹಳೆಯ ಟೇಪಿನ ಮೇಲೆ ಹೊಸ ಪದರು ಕೂರಿಸುವಾಗ ಹಿಂದಿನದು ಅಳಿಸಿಹೋಗಿ, ಎರಡೂ ಬೆರೆತದ್ದು ಮಾತ್ರ ಉಳಿಯುತ್ತಿತ್ತು. ಕೊನೆಯ ಪದರಿನಲ್ಲಿ ಮೇರಿ ಸೀನಿದರೆ ಮೊದಲಿನಿಂದ ಶುರು. 1957ರಲ್ಲಿ ಆಂಪೆಕ್ಸ್ ಕಂಪನಿಯಿಂದ ಎಂಟು ಟ್ರ್ಯಾಕಿನ ಯಂತ್ರ ಮಾಡಿಸಿಕೊಂಡ ಮೇಲೆ ಆ ಮನೆಯಲ್ಲಿ ಒಂದಿಷ್ಟು ನೆಮ್ಮದಿ ಬಂದಿರಬೇಕು ಎಂದು ನನ್ನ ಊಹೆ.

ಈಗಿನ ಕಂಪ್ಯೂಟರಿಗೆ ಇದು ಬರೀ ಕೂಡುವ ಲೆಕ್ಕ. ಒಂದು ಸೆಕೆಂಡು ದನಿ ಎಂದರೆ ಅದಕ್ಕೆ 44,100 ಅಂಕಿ. ದೊಡ್ಡಪ್ಪನ ಅಂಕಿಗೆ ಚಿಕ್ಕಮ್ಮನ ಅಂಕಿ ಕೂಡಿಸು, ಅದಕ್ಕೆ ಭಾವನವರದು ಕೂಡಿಸು, ಬಂದ ಮೊತ್ತವೇ ಕೂಡಿ ಹಾಡಿದ ಹಾಡು. ಸಿಡಿ ಲೆಕ್ಕದ 16 ಬಿಟ್ಟಿನ ಫೈಲಿನಲ್ಲಿ ಒಂದು ಅಂಕಿ 32,767 ದಾಟುವ ಹಾಗಿಲ್ಲ. ಆ ಮಟ್ಟಕ್ಕೆ ಸೊನ್ನೆ ಡೆಸಿಬಲ್ ಎಂದು ಹೆಸರು. ಒಬ್ಬೊಬ್ಬರೂ ಗಡಿಯೊಳಗೇ ಇರುತ್ತಾರೆ, ಕೂಡಿದಾಗ ಮೀಟರಿನ ತುದಿ ಕೆಂಪಾಗುತ್ತದೆ. ಗಡಿ ಮೀರಿದ ಅಲೆಯ ತಲೆಯನ್ನು ಫೈಲು ಸಾಫಾಗಿ ಕತ್ತರಿಸಿಬಿಡುತ್ತದೆ, ಕೇಳಿದರೆ ಹರಿದ ಸ್ಪೀಕರಿನ ಹಾಗೆ ಗೊರಗೊರ.

ಇದೇ ಲೆಕ್ಕದ ಇನ್ನೊಂದು ಮಹಿಮೆ ನೋಡಿ. ಅಡಾಸಿಟಿಯಲ್ಲಿ ಇನ್ವರ್ಟ್ ಎಂಬ ಆಜ್ಞೆ ಇದೆ. ಅಲೆಯನ್ನು ತಲೆಕೆಳಗು ಮಾಡುತ್ತದೆ. ಒಂದನ್ನೇ ಕೇಳಿದರೆ ಏನೂ ವ್ಯತ್ಯಾಸ ತಿಳಿಯದು. ಆದರೆ ಮೂಲವನ್ನೂ ತಲೆಕೆಳಗಾದದ್ದನ್ನೂ ಒಂದೇ ಗೆರೆಯಲ್ಲಿಟ್ಟು ಕೂಡಿಸಿದರೆ ಉತ್ತರ ಸೊನ್ನೆ, ಪೂರ್ತಿ ನಿಶ್ಶಬ್ದ. ದೊಡ್ಡಪ್ಪನನ್ನು ಸುಮ್ಮನಿರಿಸಲು ದೊಡ್ಡಮ್ಮ ಮದುವೆಯಾದಾಗಿನಿಂದ ಹುಡುಕುತ್ತಿದ್ದ ಉಪಾಯ ಇದು. ಇನ್ನೊಬ್ಬ ದೊಡ್ಡಪ್ಪ ಬೇಕು, ತಲೆಕೆಳಗಾಗಿ.

ಅಂತೂ ಒಂದು ಮಾಡಿದೆ. 'ಮಿಕ್ಸ್ ಅಂಡ್ ರೆಂಡರ್' ಎಂಬ ಆಜ್ಞೆ ಒತ್ತಿದರೆ ಇಷ್ಟೂ ಜನ ಒಂದೇ ನೀಲಿ ಪಟ್ಟಿಯೊಳಗೆ ಮಾಯ. ಅದನ್ನೂ ಒತ್ತಬೇಕಿಲ್ಲ, ಎಂಪಿತ್ರೀಯಾಗಿ ಹೊರತೆಗೆಯುವಾಗ ತಾನೇ ಕೂಡಿಕೊಳ್ಳುತ್ತದೆ. ಆ ಗಳಿಗೆ ಐದು ನಿಮಿಷವೂ ಅಲ್ಲ, ಐದು ಸೆಕೆಂಡು. ಗುಂಪಿಗೆ ಹಾಕಿದೆ.

ಮೊದಲು ಬಂದದ್ದು ಚಿಕ್ಕಮ್ಮನ ಫೋನು. "ತುಂಬಾ ಚೆನ್ನಾಗಿದೆ ಕಣೇ. ಆದ್ರೆ ನನ್ನ ದನಿ ಸ್ವಲ್ಪ ಕಮ್ಮಿ ಆಯ್ತೇನೋ." ಆಮೇಲೆ ಅತ್ತಿಗೆ. "ಸೂಪರ್! ಒಂದೇ ಒಂದು ಸಣ್ಣ ಚೇಂಜು..." ಆಮೇಲೆ ನ್ಯೂಜೆರ್ಸಿ, ಅದೂ ಅವರ ಹಗಲಿನಲ್ಲಿ, ಅಂದರೆ ನಮ್ಮ ನಡುರಾತ್ರಿಯಲ್ಲಿ. ಎಲ್ಲರಿಗೂ ಹಾಡು ಬಲು ಇಷ್ಟ, ಎಲ್ಲರಿಗೂ ಒಂದೇ ಕೊರತೆ. ಇಡೀ ಮೇಳದಲ್ಲಿ ಒಬ್ಬೊಬ್ಬರೂ ಹುಡುಕಿದ್ದು ತಮ್ಮ ದನಿಯನ್ನು, ಮಿಕ್ಕವರೆಲ್ಲ ಅದಕ್ಕೆ ಅಡ್ಡ ನಿಂತವರು. ಚಿಕ್ಕಮ್ಮನನ್ನು ಎರಡು ಡೆಸಿಬಲ್ ಏರಿಸಿದೆ. ಅತ್ತಿಗೆ ಮುಳುಗಿದರು. ಅತ್ತಿಗೆಯನ್ನು ಏರಿಸಿದೆ. ಚಿಕ್ಕಪ್ಪ ಕಾಣೆಯಾದರು. ಅವರನ್ನು ಏರಿಸಿದೆ, ದೊಡ್ಡಪ್ಪ ಕೆರಳಿದರು. ಎಲ್ಲರನ್ನೂ ಏರಿಸಿ ಮುಗಿಸುವ ಹೊತ್ತಿಗೆ ಎಲ್ಲರೂ ಮೊದಲಿದ್ದ ಜಾಗದಲ್ಲೇ ಇದ್ದರು, ಮೀಟರು ಮಾತ್ರ ಕೆಂಪಗಿತ್ತು. "ಎಲ್ಲರದ್ದೂ ಕಮ್ಮಿ ಮಾಡಿ, ನಿಮ್ಮದನ್ನ ಹಾಗೇ ಬಿಡ್ತೀನಿ" ಎಂದು ಪ್ರತಿಯೊಬ್ಬರಿಗೂ ಗುಟ್ಟಾಗಿ ಮಾತು ಕೊಟ್ಟೆ. ಲೆಕ್ಕದಲ್ಲಿ ಅದು ಸಾಧ್ಯವಿಲ್ಲ, ಆದರೆ ಚುನಾವಣೆಯಲ್ಲಿ ಇದಕ್ಕಿಂತ ದೊಡ್ಡದನ್ನು ನಂಬುವ ಜನ ನಾವು.

ಸ್ಟುಡಿಯೊದವರ ನಡುವೆ ಹಳೆಯ ತಮಾಷೆಯೊಂದಿದೆ. ಕನ್ಸೋಲಿನ ಮೇಲೆ ಯಾವುದಕ್ಕೂ ಜೋಡಿಸದ ಒಂದು ತಿರುಪು ಇಟ್ಟುಕೊಳ್ಳಬೇಕಂತೆ. ಗಾಯಕರೋ ನಿರ್ಮಾಪಕರೋ "ಇನ್ನೂ ಸ್ವಲ್ಪ" ಎಂದಾಗ ಗಂಭೀರ ಮುಖದಿಂದ ಅದನ್ನು ತಿರುಗಿಸುವುದು, "ಹಾಂ, ಈಗ ಸರಿ" ಎನ್ನುವ ತನಕ. ಭಾವನವರ ಮೇಲೆ ಪ್ರಯೋಗಿಸಿದೆ. ಅದೇ ಫೈಲಿಗೆ ಹೊಸ ಹೆಸರಿಟ್ಟು ಕಳಿಸಿದೆ. ಈಗ ಕಳೆ ಬಂತು ಎಂದರು.

ಗುದ್ದಾಟ ತಪ್ಪಿಸಲು ಇನ್ನೊಂದು ದಾರಿ ಇದೆ, ಎಡ ಬಲಕ್ಕೆ ಹಂಚುವುದು. ಎರಡು ದನಿ ಒಂದೇ ಕಡೆಯಿಂದ ಬಂದರೆ ಒಂದನ್ನೊಂದು ತುಳಿಯುತ್ತವೆ, ಒಂದು ಎಡಗಿವಿಗೆ ಒಂದು ಬಲಗಿವಿಗೆ ಹೋದರೆ ಎರಡೂ ಉಸಿರಾಡುತ್ತವೆ. ಅತ್ತಿಗೆಯನ್ನು ಪೂರ್ತಿ ಎಡಕ್ಕೆ, ಹುಬ್ಬಳ್ಳಿಯ ಅತ್ತೆಯ ಮಗಳನ್ನು ಪೂರ್ತಿ ಬಲಕ್ಕೆ ಸರಿಸಿ, ನಡುವೆ ತಂಬೂರಿ ಇಟ್ಟೆ. ಮಾರನೆಯ ದಿನ ಬೆಳಿಗ್ಗೆಯೇ ಹುಬ್ಬಳ್ಳಿಯಿಂದ ಫೋನು. "ಏನವಾ, ನಮ್ಮ ಹುಡುಗಿ ದನಿ ಎಲ್ಲಿ ಹೋತು? ಒಟ್ಟ ಕೇಳಸವಲ್ತು! ನಿಮ್ಮ ಅತ್ತಿಗೀದು ಮಾತ್ರ ಗಂಟಿ ಬಾರಿಸಿಧಂಗ ಅದ!" ಅತ್ತೆಯ ಇಯರ್‌ಫೋನಿನಲ್ಲಿ ಎಡಗಡೆಯದೊಂದೇ ಕೆಲಸ ಮಾಡುತ್ತದೆ ಎಂಬುದು ಹೊರಬೀಳುವ ಹೊತ್ತಿಗೆ ಎರಡು ಮನೆಗಳ ನಡುವೆ ಮಾತು ನಿಂತಿತ್ತು. ಮತ್ತೆ ಎಲ್ಲರನ್ನೂ ನಡುವಿಗೇ ತಂದೆ. ಅಜ್ಜಿ ಅದನ್ನು ಕೇಳಿದ್ದು ಚಿಕ್ಕಪ್ಪನ ಫೋನಿನ ಕೆಳತುದಿಯ ಸ್ಪೀಕರಿನಲ್ಲಿ, ಹೋಮದ ಹೊಗೆಯ ನಡುವೆ, ಪುರೋಹಿತರ ಮಂತ್ರದ ಮೇಲೆ. ಅದೂ ಒಂದು ಮಿಕ್ಸಿಂಗೇ. ಕಣ್ಣೊರೆಸಿಕೊಂಡು, "ಆ ಕಾಗೆ ನಮ್ಮನೇವ್ರು ಬಂದಿದ್ದು ಕಣೇ" ಎಂದರು.

ಸಮಾರಂಭ ಮುಗಿದ ಮೇಲಾದರೂ ಇದು ಮುಗಿಯಬೇಕಿತ್ತು. ಆದರೆ ಚಿಕ್ಕಪ್ಪ ಎಲ್ಲೋ ಓದಿ ಗುಂಪಿಗೆ ಹಾಕಿದರು. ಕೂಡಿಸಿದ ದನಿಗಳನ್ನು ಈಗ ಬಿಡಿಸಲೂ ಬರುತ್ತದಂತೆ. ಬರುತ್ತದೆ, ನಿಜ. ಫ್ರಾನ್ಸಿನ ಡೀಜರ್ ಕಂಪನಿ 2019ರಲ್ಲಿ ಸ್ಪ್ಲೀಟರ್ ಎಂಬ ತಂತ್ರಾಂಶವನ್ನು ಬಿಟ್ಟಿ ಬಿಟ್ಟಿತು, ಸಿದ್ಧವಾದ ಹಾಡನ್ನು ಕೊಟ್ಟರೆ ದನಿಯನ್ನೂ ವಾದ್ಯವನ್ನೂ ಬೇರೆ ಮಾಡಿ ಕೊಡುತ್ತದೆ. 1980ರಲ್ಲೇ ತೀರಿಕೊಂಡ ಜಾನ್ ಲೆನನ್ ಹಳೆಯ ಕ್ಯಾಸೆಟ್ಟೊಂದರಲ್ಲಿ ಪಿಯಾನೊ ಜೊತೆ ಹಾಡಿಟ್ಟಿದ್ದ ಹಾಡಿನಿಂದ ದನಿಯನ್ನಷ್ಟೇ ಬಿಡಿಸಿಕೊಂಡು 2023ರಲ್ಲಿ ಬೀಟಲ್ಸ್ ಹೆಸರಿನಲ್ಲಿ ಹೊಸ ಹಾಡೇ ಹೊರಬಂತು. ದನಿಯಿಂದ ತಂಬೂರಿ ಬಿಡಿಸುವುದು ಒಂದು, ಒಂದೇ ಸಾಲನ್ನು ಒಂದೇ ಶ್ರುತಿಯಲ್ಲಿ ಒಟ್ಟಿಗೆ ಹಾಡಿದ ರಕ್ತಸಂಬಂಧಿಗಳನ್ನು ಬಿಡಿಸುವುದು ಇನ್ನೊಂದು. ಅದು ಕಷ್ಟ. ಕೋರ್ಟಿನಲ್ಲೂ ಕಷ್ಟ.

ಇದನ್ನೆಲ್ಲ ವಿವರಿಸುವ ಮೊದಲೇ ದೊಡ್ಡಪ್ಪನ ಫೋನು ಬಂತು. ಈ ಸಲ ದನಿ ತಗ್ಗಿತ್ತು, ದೊಡ್ಡಮ್ಮ ಪಕ್ಕದಲ್ಲಿದ್ದರೆಂದು ತೋರುತ್ತದೆ. "ಪುಟ್ಟಿ, ಒಂದು ಐದು ನಿಮಿಷದ ಕೆಲಸ. ಆ ಹಾಡಲ್ಲಿ ಬೇರೆಯವರದ್ದೆಲ್ಲಾ ತೆಗೆದು ನನ್ನದೊಂದನ್ನ ಬಿಡಿಸಿ ಕಳಿಸ್ತೀಯಾ?"

ಬಿಡಿಸುವುದೇನು ಬಂತು! ಅವರೇ ಕಳಿಸಿದ ಫೈಲು ನನ್ನ ಬಳಿಯೇ ಇತ್ತು. ಕೊನೆಯಲ್ಲಿದ್ದ ಚಪ್ಪಾಳೆಯನ್ನೂ ಮುಟ್ಟದೆ ಹಾಗೇ ವಾಪಸ್ಸು ಕಳಿಸಿದೆ. ಅರ್ಧ ಗಂಟೆಯಲ್ಲಿ ಅದು ಕುಟುಂಬದ ಗುಂಪಿನಲ್ಲಿತ್ತು, ಮೇಲೆ ದೊಡ್ಡಪ್ಪನ ಒಕ್ಕಣೆ: "ಪುಟ್ಟಿ ಕಷ್ಟಪಟ್ಟು ಮತ್ತೆ ಮಿಕ್ಸ್ ಮಾಡಿದ್ದಾಳೆ, ಎಲ್ಲರೂ ಕೇಳಿ. ಈ ಸಲ ಎಲ್ಲರ ದನಿಯೂ ಸ್ಪಷ್ಟವಾಗಿ ಬಂದಿದೆ."